ದೇವಾಪುರ ಎಲ್ಲಿದೆ? ಅಳತೆಗಳು ಒಂದಾದ ಕಥೆ

‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶನ ಊರು ದೇವಾಪುರ. ಆದರೆ ಯಾವ ದೇವಾಪುರ? ಚಿಕ್ಕಮಗಳೂರು ಜಿಲ್ಲೆ ಕಡೂರು ತಾಲ್ಲೂಕಿನ ದೇವನೂರೇ ಆ ಊರು ಎಂಬುದು ಬಹುಮಂದಿ ವಿದ್ವಾಂಸರು ಒಪ್ಪಿದ ಮಾತು. ಅಲ್ಲ, ಅದು ಸುರಪುರ ಸೀಮೆಯ ದೇವಾಪುರ ಎಂಬ ವಾದವೂ ಉಂಟು. ಕವಿ ಊರಿನ ಹೆಸರು ಹೇಳಿದ, ಊರು ಎಲ್ಲಿದೆ ಎಂಬುದನ್ನು ಎಲ್ಲರಿಗೂ ಅರ್ಥವಾಗುವ ಅಳತೆಯಲ್ಲಿ ಹೇಳಲಿಲ್ಲ. ಅವನ ಕಾಲಕ್ಕೆ ಅಂಥ ಅಳತೆ ಇರಲೂ ಇಲ್ಲ.

ಹೆಸರು ಒಂದೇ, ಸ್ಥಳ ಎರಡು ಎಂಬ ಈ ತೊಡಕು ಸಾಹಿತ್ಯ ಚರಿತ್ರೆಗೆ ಮಾತ್ರ ಸೇರಿದ್ದಲ್ಲ. ಹೊಲದ ಬದು, ನದಿಯ ಪ್ರವಾಹ, ಕಾಡಿನ ವಿಸ್ತೀರ್ಣ ಇವುಗಳನ್ನು ಬರೆದಿಡುವ ಪ್ರತಿಯೊಂದು ಕಚೇರಿಗೂ ಅದೇ ತೊಡಕು. ಒಬ್ಬೊಬ್ಬರ ನಕಾಶೆಯೂ ತನ್ನಷ್ಟಕ್ಕೆ ಸರಿ. ಎರಡನ್ನು ಪಕ್ಕಪಕ್ಕದಲ್ಲಿಟ್ಟಾಗ ಮಾತ್ರ ಜಗಳ ಶುರು. ಈ ಜಗಳ ಬಿಡಿಸಲು ಯುರೋಪಿನ ದೇಶಗಳು 2007ರಲ್ಲಿ ಒಂದು ಕಾನೂನನ್ನೇ ಮಾಡಿಕೊಂಡವು. ಸುರಪುರ ಸೀಮೆಯ ಹಳ್ಳಿಗಳಿಗೆ ಈ ಅನುಭವ ಅದಕ್ಕಿಂತ ಬಹಳ ಹಿಂದಿನದು.

ಕದಲದ ಊರು, ಅಲೆದ ಕಡತ

ದೇವಾಪುರದಂಥ ಊರುಗಳು 19ನೇ ಶತಮಾನದ ಮಧ್ಯದವರೆಗೆ ಸುರಪುರದ ನಾಯಕರ ಸಂಸ್ಥಾನದಲ್ಲಿದ್ದವು. ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದು ಸೋತ ಮೇಲೆ ಸಂಸ್ಥಾನ ಅಳಿಯಿತು. 1860ರಲ್ಲಿ ಅದು ಹೈದರಾಬಾದಿನ ನಿಜಾಮರ ವಶವಾಯಿತು. 1956ರ ನವೆಂಬರ್ 1ರಂದು ಗುಲ್ಬರ್ಗ ಜಿಲ್ಲೆಯೊಡನೆ ವಿಶಾಲ ಮೈಸೂರು ರಾಜ್ಯಕ್ಕೆ ಬಂದಿತು. 2010ರಲ್ಲಿ ಹೊಸ ಯಾದಗಿರಿ ಜಿಲ್ಲೆಗೆ ಸೇರಿತು. ಊರು ಇದ್ದಲ್ಲೇ ಇತ್ತು. ಅದರ ಕಡತ ಮಾತ್ರ ಒಂದು ದಫ್ತರದಿಂದ ಇನ್ನೊಂದಕ್ಕೆ, ಒಂದು ಭಾಷೆಯಿಂದ ಇನ್ನೊಂದಕ್ಕೆ ಅಲೆಯಿತು.

ನಿಜಾಮರ ಕಾಲದ ಕಂದಾಯದ ಕಾಗದಗಳು ಉರ್ದುವಿನಲ್ಲಿದ್ದವು. ವರ್ಷ ಫಸಲಿಯದು. ಅದಕ್ಕೆ ಸುಮಾರು 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ರೈತನ ಬಾಯಲ್ಲಿ ಮಾತ್ರ ಹೊಲದ ಲೆಕ್ಕ ಬೇರೆ. ಒಂದು ಕೂರಿಗೆ ಹೊಲ ಎಂದರೆ ಕೂರಿಗೆ ಒಂದು ದಿನದಲ್ಲಿ ಬಿತ್ತುವಷ್ಟು ನೆಲ, ಹೆಚ್ಚುಕಡಿಮೆ ನಾಲ್ಕು ಎಕರೆ ಎನ್ನುವುದುಂಟು. ಎತ್ತಿನ ಕಸುವು, ಮಣ್ಣಿನ ಗುಣ ನೋಡಿ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಬಿತ್ತುವವನಿಗೆ ಅದು ಸಾಕು. ತೆರಿಗೆ ಹಾಕುವವನಿಗೆ ಸಾಲದು.

ಅದಕ್ಕೆ ಉತ್ತರವಾಗಿ ಬಂದದ್ದು 33 ಅಡಿಯ ಸರಪಳಿ. ಮುಂಬೈ ಪ್ರಾಂತದಲ್ಲಿ 1830ರ ದಶಕದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಮೋಜಣಿ ಪದ್ಧತಿ ಮುಂದೆ ಹೈದರಾಬಾದ್ ಮತ್ತು ಮೈಸೂರು ಸಂಸ್ಥಾನಗಳಿಗೂ ಮಾದರಿಯಾಯಿತು. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. ಗುಂಟೆಯನ್ನು 16 ಆಣೆಗಳಾಗಿ ಒಡೆದರು. ರೂಪಾಯಿಯ ಲೆಕ್ಕ ಬಲ್ಲವನಿಗೆ ನೆಲದ ಲೆಕ್ಕವೂ ತಿಳಿಯಿತು. ಇಂಗ್ಲೆಂಡಿನ ಎಕರೆ ನಮ್ಮ ಆಣೆಯ ಜೊತೆ ಹೀಗೆ ರಾಜಿ ಮಾಡಿಕೊಂಡಿತು.

1956ರಲ್ಲಿ ಐದು ಕಡೆಯ ಕನ್ನಡ ಪ್ರದೇಶಗಳು ಒಂದಾದಾಗ ಐದು ಬಗೆಯ ಕಂದಾಯ ಕಾನೂನು, ದಾಖಲೆಗಳೂ ಒಂದೇ ಮನೆಗೆ ಬಂದವು. ಹೈದರಾಬಾದ್ ಭಾಗದವರು ಪಹಣಿ ಎಂದದ್ದನ್ನು ಮುಂಬೈ ಭಾಗದವರು ಉತಾರ ಎಂದರು. ಒಬ್ಬರಿಗೆ ಖುಷ್ಕಿ ಆದದ್ದು ಇನ್ನೊಬ್ಬರಿಗೆ ಜಿರಾಯತಿ. 1964ರ ಭೂಕಂದಾಯ ಅಧಿನಿಯಮ ಇಡೀ ರಾಜ್ಯಕ್ಕೆ ಒಂದೇ ಕಾನೂನು ತಂದಿತು. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು.

ಕಾಗದ ಒಂದಾಯಿತು. ನಕಾಶೆ ಒಂದಾಗಲು ಸರಪಳಿ, ಕಾನೂನು, ಕಂಪ್ಯೂಟರು ಸಾಲವು. ಅದಕ್ಕೆ ಭೂಮಿಯ ಆಕಾರದ ಬಗೆಗೇ ಒಪ್ಪಂದ ಬೇಕು.

ಯಾರ ಭೂಮಿ?

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಳಿ ಒಂದು ಆಧಾರ ರೇಖೆಯನ್ನು ಅಳೆದ. 1802ರಲ್ಲಿ ಮದ್ರಾಸಿನಿಂದ ತ್ರಿಕೋನಗಳ ಮಹಾ ಮೋಜಣಿ ಆರಂಭವಾಯಿತು. ಕನ್ಯಾಕುಮಾರಿಯ ಸಮೀಪದಿಂದ ಉತ್ತರಕ್ಕೆ ತ್ರಿಕೋನದ ಮೇಲೆ ತ್ರಿಕೋನ ಹೆಣೆಯುತ್ತ ಬಂದ ಲ್ಯಾಂಬ್ಟನ್, 1815ರಲ್ಲಿ ಬೀದರ್ ಬಳಿಯ ದಾಮರಗಿದ್ದದಲ್ಲಿ ಮತ್ತೊಂದು ಆಧಾರ ರೇಖೆ ಅಳೆದು ತನ್ನ ಲೆಕ್ಕವನ್ನು ತಾಳೆ ನೋಡಿದ. ಅವನ ನಂತರ ಬಂದ ಜಾರ್ಜ್ ಎವರೆಸ್ಟ್ ಈ ಅಳತೆಗಳ ಆಧಾರದಿಂದ 1830ರಲ್ಲಿ ಭೂಮಿಯ ಆಕಾರವನ್ನು ಲೆಕ್ಕಹಾಕಿದ. ಭಾರತದ ನಕ್ಷೆಗಳು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ‘ಎವರೆಸ್ಟನ ಭೂಮಿ’ಯ ಮೇಲೆಯೇ ನಿಂತವು.

ಅದು ಭಾರತಕ್ಕೆ ಚೆನ್ನಾಗಿ ಹೊಂದುವ ಭೂಮಿ. ಉಪಗ್ರಹಗಳು ಬಂದ ಮೇಲೆ ಇಡೀ ಜಗತ್ತಿಗೆ ಹೊಂದುವ ಭೂಮಿ ಬೇಕಾಯಿತು. ಡಬ್ಲ್ಯುಜಿಎಸ್-84 ಎಂಬುದು ಅಂಥದು. ಇಂದಿನ ಮೊಬೈಲ್ ಫೋನಿನ ಜಿಪಿಎಸ್ ಲೆಕ್ಕಹಾಕುವುದು ಅದರ ಮೇಲೆ. ಎರಡರ ನಡುವೆ ಅಂತರವಿದೆ. ಎವರೆಸ್ಟ್ ಪದ್ಧತಿಯ ಅಕ್ಷಾಂಶ, ರೇಖಾಂಶಗಳನ್ನು ಹಾಗೆಯೇ ಹೊಸ ನಕ್ಷೆಯ ಮೇಲೆ ಗುರುತಿಸಿದರೆ ಸುರಪುರ ಸೀಮೆಯಲ್ಲಿ ಒಂದು ಸ್ಥಳ 100 ಮೀಟರಿಗೂ ಹೆಚ್ಚು ದೂರ ಸರಿಯುತ್ತದೆ. ಇದೇನು ಮಹಾ ಎನ್ನುವಂತಿಲ್ಲ. ಚೌಕಾಕಾರದ ಒಂದು ಎಕರೆ ಹೊಲದ ಒಂದು ಬದಿ ಸುಮಾರು 64 ಮೀಟರು. ಅಂದರೆ ಒಬ್ಬ ರೈತನ ಇಡೀ ಹೊಲ ಬದು ದಾಟಿ ಪಕ್ಕದವನ ಹೊಲದ ಮೇಲೆ ಹೋಗಿ ಕೂರುತ್ತದೆ. ನೆಲ ಸರಿದಿಲ್ಲ, ಯಾರೂ ಮೋಸ ಮಾಡಿಲ್ಲ. ಯಾವ ಭೂಮಿಯ ಮೇಲೆ ಅಳೆದದ್ದು ಎಂಬುದನ್ನು ಕೇಳದೆ ಹೋದದ್ದಷ್ಟೇ ತಪ್ಪು. 2005ರ ರಾಷ್ಟ್ರೀಯ ನಕ್ಷಾ ನೀತಿ ಸಾರ್ವಜನಿಕ ಬಳಕೆಯ ನಕ್ಷೆಗಳನ್ನು ಡಬ್ಲ್ಯುಜಿಎಸ್-84 ಪದ್ಧತಿಗೆ ತರಲು ನಿರ್ಧರಿಸಿದ್ದು ಈ ಕಾರಣಕ್ಕೆ.

ಯಾವ ಕಡಲಿನಿಂದ ಎತ್ತರ?

ಉದ್ದಗಲ ಒಂದಾದರೂ ಎತ್ತರ ಉಳಿಯುತ್ತದೆ. ಎತ್ತರವನ್ನು ಸಮುದ್ರ ಮಟ್ಟದಿಂದ ಅಳೆಯುತ್ತಾರೆ. ಯಾವ ಸಮುದ್ರ? ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ಗಡಿಯ ಲೌಫೆನ್‌ಬರ್ಗ್ ಬಳಿ ರೈನ್ ನದಿಗೆ ಸೇತುವೆ ಕಟ್ಟುವಾಗ ಈ ಪ್ರಶ್ನೆ ದುಬಾರಿಯಾಯಿತು. ಜರ್ಮನಿಯ ಲೆಕ್ಕ ಉತ್ತರ ಸಮುದ್ರದಿಂದ, ಸ್ವಿಟ್ಜರ್ಲೆಂಡಿನ ಲೆಕ್ಕ ಮೆಡಿಟರೇನಿಯನ್ ಸಮುದ್ರದಿಂದ. ನಡುವಿನ ವ್ಯತ್ಯಾಸ 27 ಸೆಂಟಿಮೀಟರು. ಅದು ಎಂಜಿನಿಯರುಗಳಿಗೆ ಗೊತ್ತಿತ್ತು. ಆದರೆ ಕಳೆಯಬೇಕಾದಲ್ಲಿ ಕೂಡಿಸಿದರು. 2003ರಲ್ಲಿ ನೋಡಿದರೆ ಎರಡು ದಡದ ಕೆಲಸಗಳ ನಡುವೆ 54 ಸೆಂಟಿಮೀಟರು ಏರುಪೇರು!

ಭಾರತ ಈ ವಿಷಯದಲ್ಲಿ ಅದೃಷ್ಟಶಾಲಿ. 1909ರಲ್ಲೇ ಒಂಬತ್ತು ಬಂದರುಗಳ ಸಮುದ್ರ ಮಟ್ಟವನ್ನು ಆಧಾರವಾಗಿಟ್ಟುಕೊಂಡು ದೇಶಕ್ಕೆಲ್ಲ ಒಂದೇ ಮಟ್ಟ ಗೊತ್ತುಮಾಡಿದರು. ನಮ್ಮ ಕಾರವಾರವೂ ಆ ಒಂಬತ್ತರಲ್ಲಿ ಒಂದು. ಆಲಮಟ್ಟಿಯ ನೀರಿನ ಮಟ್ಟ 519.6 ಮೀಟರು ಇರಬೇಕೋ 524.256 ಮೀಟರು ಇರಬೇಕೋ ಎಂದು ಕೃಷ್ಣಾ ಕೊಳ್ಳದ ರಾಜ್ಯಗಳು ವಾದಿಸಿವೆ. ವಾದ ಏನೇ ಇರಲಿ, ಅದು ಸೊನ್ನೆಯ ಬಗ್ಗೆ ಅಲ್ಲ. ಎಲ್ಲರ ಸೊನ್ನೆಯೂ ಒಂದೇ ಆಗಿರುವುದರಿಂದಲೇ ನಾಲ್ಕೂವರೆ ಮೀಟರಿನ ಮೇಲೆ ವಾದ ಮಾಡಲು ಸಾಧ್ಯವಾಗಿದೆ.

ಯುರೋಪ್ ಕಂಡುಕೊಂಡ ದಾರಿ

ಕೃಷ್ಣೆ ಹರಿಯುವುದು ಒಂದು ದೇಶದ ನಾಲ್ಕು ರಾಜ್ಯಗಳಲ್ಲಿ. ಡ್ಯಾನ್ಯೂಬ್ ನದಿ ಹರಿಯುವುದು ಹತ್ತು ದೇಶಗಳಲ್ಲಿ. ಪ್ರತಿಯೊಂದು ದೇಶಕ್ಕೂ ತನ್ನದೇ ನಕ್ಷೆ, ತನ್ನದೇ ಭಾಷೆ, ತನ್ನದೇ ವಿಂಗಡಣೆ. ನದಿಯ ಮಾಲಿನ್ಯ, ಪ್ರವಾಹಗಳಿಗೆ ಗಡಿಯಿಲ್ಲ. ಆದ್ದರಿಂದ ಯುರೋಪಿಯನ್ ಒಕ್ಕೂಟ 2007ರ ಮೇ 15ರಿಂದ ‘ಇನ್‌ಸ್ಪೈರ್’ ಎಂಬ ನಿರ್ದೇಶನವನ್ನು ಜಾರಿಗೆ ತಂದಿತು. ಸ್ಥಳನಾಮ, ಜಮೀನಿನ ಗಡಿ, ನದಿ-ಕೆರೆ, ಮಣ್ಣು, ನೆಲದ ಬಳಕೆ ಮುಂತಾಗಿ 34 ವಿಷಯಗಳ ನಕ್ಷೆಗಳನ್ನು ಸದಸ್ಯ ದೇಶಗಳು ಒಂದೇ ಮಾದರಿಯಲ್ಲಿ ಒದಗಿಸಬೇಕು ಎಂಬುದು ಅದರ ಸಾರ.

ಇಲ್ಲಿ ಮುಖ್ಯವಾದ ಅಂಶವೊಂದಿದೆ. ಹಳೆಯ ನಕ್ಷೆಗಳನ್ನು ಎಸೆದು ಹೊಸದಾಗಿ ಅಳೆಯಿರಿ ಎಂದು ಕಾನೂನು ಹೇಳಲಿಲ್ಲ. ಮನೆಯೊಳಗೆ ಮನೆಮಾತು ಆಡಿ, ಹೊಸ್ತಿಲು ದಾಟುವಾಗ ಎಲ್ಲರಿಗೂ ತಿಳಿಯುವ ಮಾತಿಗೆ ಬದಲಿಸಿ ಎಂದಿತು. ಬದಲಿಸಲು ನಿಯಮಗಳ ಪಟ್ಟಿ ಬೇಕು: ನಮ್ಮ ಈ ಪದಕ್ಕೆ ಅವರ ಆ ಪದ, ನಮ್ಮ ಈ ಅಳತೆಗೆ ಅವರ ಆ ಅಳತೆ. ಜೊತೆಗೆ ಈ ನಕ್ಷೆಯನ್ನು ಯಾರು, ಯಾವಾಗ, ಯಾವ ಪದ್ಧತಿಯಲ್ಲಿ ಮಾಡಿದರು ಎಂಬ ವಿವರವನ್ನು ಲಗತ್ತಿಸಬೇಕು.

ಈ ಪಟ್ಟಿ ಬರೆಯುವುದೇ ಕಷ್ಟದ ಕೆಲಸ. ‘ಕಾಡು’ ಎಂಬ ಸರಳ ಪದವನ್ನೇ ತೆಗೆದುಕೊಳ್ಳಬಹುದು. ಭಾರತದ ಅರಣ್ಯ ಸಮೀಕ್ಷೆಯಲ್ಲಿ ಒಂದು ಹೆಕ್ಟೇರಿನಷ್ಟು ಜಾಗದಲ್ಲಿ ನೂರಕ್ಕೆ 10ರಷ್ಟು ನೆಲದ ಮೇಲೆ ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ. ಹವಾಮಾನದ ಬಗೆಗಿನ ಕ್ಯೋಟೊ ಒಪ್ಪಂದದಲ್ಲಿ ಈ ಮಿತಿಯನ್ನು 10ರಿಂದ 30ರ ನಡುವೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳುವ ಸ್ವಾತಂತ್ರ್ಯ ದೇಶಗಳಿಗಿತ್ತು. ಒಂದೂ ಮರ ಕಡಿಯದೆ ಕಾಡು ಕಡಿಮೆಯಾಗಬಹುದು, ಒಂದೂ ಸಸಿ ನೆಡದೆ ಹೆಚ್ಚಬಹುದು!

ಬದಲಿಸುವಾಗ ಕಳೆದುಹೋಗುವುದೂ ಉಂಟು. ಯುರೋಪಿನ ‘ಕೊರಿನ್’ ಎಂಬ ಭೂ ಹೊದಿಕೆಯ ನಕ್ಷೆಯಲ್ಲಿ 44 ವರ್ಗಗಳಿವೆ. ಸುರಪುರ, ಶಹಾಪುರ ಕಡೆಯ ಹೊಲಗಳನ್ನು ಆ ಪಟ್ಟಿಗೆ ಸೇರಿಸಿದರೆ ನೀರಾವರಿ ಇಲ್ಲದ ಎರೆ ಹೊಲವೂ ಮಸಾರಿ ಹೊಲವೂ ‘ನೀರಾವರಿಯಿಲ್ಲದ ಸಾಗುವಳಿ ಭೂಮಿ’ ಎಂಬ ಒಂದೇ ಖಾನೆಗೆ ಬೀಳುತ್ತವೆ. ಹಿಂಗಾರಿ ಜೋಳಕ್ಕೆ ಎರೆಯ ಹಸಿ ಬೇಕು ಎಂದು ಬಲ್ಲ ರೈತನಿಗೆ ಅವೆರಡೂ ಒಂದೇ ಅಲ್ಲ. ಹೊರಗಿನವರಿಗೆ ತಿಳಿಯುವಂತೆ ಹೇಳುವುದು ಎಷ್ಟು ಅಗತ್ಯವೋ ಮೂಲವನ್ನು ಕಾಪಾಡುವುದೂ ಅಷ್ಟೇ ಅಗತ್ಯ.

ಯಾವ ಗಳೆಯಿಂದ?

ಇದು ನಮ್ಮ ಹಿರಿಯರಿಗೆ ತಿಳಿಯದ ವಿಷಯವೇನಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ದಾನದ ನೆಲವನ್ನು ಮತ್ತರು, ಕಮ್ಮಗಳಲ್ಲಿ ಹೇಳಿದೆ. ಅಳೆಯುವ ಗಳೆ ಊರಿನಿಂದ ಊರಿಗೆ ಬೇರೆ ಎಂಬುದು ಬರೆಸಿದವರಿಗೆ ಗೊತ್ತಿತ್ತು. ಹಾಗಾಗಿ ಎಷ್ಟೋ ಶಾಸನಗಳಲ್ಲಿ ಗಳೆಯ ಹೆಸರನ್ನೂ ಕೆತ್ತಿಸಿದರು. ಬಳ್ಳಿಗಾವೆಯ ‘ಭೇರುಂಡ ಗಳೆ’ ಅಂಥ ಪ್ರಸಿದ್ಧ ಅಳತೆ. ಅಳತೆಯ ಜೊತೆಗೆ ಅಳತೆಗೋಲನ್ನೂ ಹೇಳಬೇಕೆಂಬ ಆ ವಿವೇಕವನ್ನೇ ಯುರೋಪಿನ ಕಾನೂನು ಈಗ ಪುಟಗಟ್ಟಲೆ ಬರೆದಿದೆ.

2022ರ ಡಿಸೆಂಬರಿನಲ್ಲಿ ಭಾರತವೂ ರಾಷ್ಟ್ರೀಯ ಭೂಸ್ಥಳ ನೀತಿಯನ್ನು ಹೊರಡಿಸಿದೆ. ಕರ್ನಾಟಕದ ‘ದಿಶಾಂಕ್’ ಎಂಬ ಮೊಬೈಲ್ ಆ್ಯಪ್, ನಿಂತ ನೆಲದ ಸರ್ವೆ ನಂಬರನ್ನು ತೋರಿಸುತ್ತದೆ. 33 ಅಡಿಯ ಸರಪಳಿಯಿಂದ ಅಳೆದ ಹಳೆಯ ನಕಾಶೆಯನ್ನು ಉಪಗ್ರಹದ ಭೂಮಿಗೆ ಹೊಂದಿಸಿದ್ದರಿಂದ ಇದು ಸಾಧ್ಯವಾಗಿದೆ. ಹೊಂದಿಸುವಾಗ ಆದ ತಪ್ಪು ಫೋನಿನಲ್ಲಿ ಕಾಣುವುದಿಲ್ಲ, ಬದುವಿನ ಮೇಲೆ ಕಾಣುತ್ತದೆ. ದೇವಾಪುರ ಎಲ್ಲಿದೆ ಎಂದು ಹೇಳುವುದು ಇಂದು ಸುಲಭ. ಯಾವ ಗಳೆಯಿಂದ ಅಳೆದದ್ದು ಎಂದು ಕೇಳುವ ಅಭ್ಯಾಸವನ್ನು ಮಾತ್ರ ಬಿಡುವಂತಿಲ್ಲ.