ಸಂತ ಫಿಲೋಮಿನಾ ಪ್ರಧಾನಾಲಯ, ಮೈಸೂರು
ಚಾಮರಾಜನಗರ, ಗುಂಡ್ಲುಪೇಟೆಗಳ ಕ್ಯಾಥೊಲಿಕರಿಗೂ ಹನೂರು ಸೀಮೆಯ ಮಾರ್ಟಳ್ಳಿಯಂಥ ದೊಡ್ಡ ಕ್ರೈಸ್ತ ನೆಲೆಗಳಿಗೂ ಧರ್ಮಾಧ್ಯಕ್ಷರ ಪೀಠವಿರುವ ತಾಯಿ ದೇವಾಲಯ ಮೈಸೂರಿನಲ್ಲಿದೆ. ಮೈಸೂರು ಧರ್ಮಪ್ರಾಂತ್ಯ ಮೈಸೂರು, ಚಾಮರಾಜನಗರ, ಮಂಡ್ಯ, ಕೊಡಗು ಜಿಲ್ಲೆಗಳನ್ನು ಒಳಗೊಂಡಿದೆ. ಪ್ರಧಾನಾಲಯದ ಪೂರ್ಣ ಹೆಸರಿನಲ್ಲಿ ಸಂತ ಜೋಸೆಫರೂ ಸೇರಿದ್ದಾರೆ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಇಲ್ಲೊಂದು ಚಿಕ್ಕ ಚರ್ಚು ಎದ್ದಿತ್ತು. ಅರಮನೆಯ ಅಧಿಕಾರಿ ತಂಬೂಚೆಟ್ಟಿಯವರು 1926ರಲ್ಲಿ ಫಿಲೋಮಿನಾಳ ಪವಿತ್ರ ಅವಶೇಷವನ್ನು ತರಿಸಿಕೊಂಡ ಮೇಲೆ ದೊಡ್ಡ ದೇವಾಲಯದ ಆಲೋಚನೆ ಬಲಗೊಂಡಿತು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟರು. ಹಿಂದೂ ಅರಸನೊಬ್ಬ ಈ ಕೆಲಸಕ್ಕೆ ಕೊಟ್ಟ ಒತ್ತಾಸೆ ಹಳೆಯ ಮೈಸೂರಿನ ಹಿರಿಮೆಯೇ ಸರಿ. ಬಿಷಪ್ ರೆನೆ ಫ್ಯೂಗಾ ಅವರ ಮುತುವರ್ಜಿಯಲ್ಲಿ ಕಟ್ಟಡ 1941ರ ಹೊತ್ತಿಗೆ ಮುಗಿಯಿತು.

ನವಗಾಥಿಕ್ ಶೈಲಿಯ ಈ ಕಟ್ಟಡಕ್ಕೆ ಜರ್ಮನಿಯ ಕಲೋನ್ ಪ್ರಧಾನಾಲಯ ಪ್ರೇರಣೆ. ವಿನ್ಯಾಸ ಫ್ರಾನ್ಸಿನ ಡೇಲಿ ಎಂಬವರದು. ತಳವಿನ್ಯಾಸ ಶಿಲುಬೆಯಾಕಾರದ್ದು. ಸುಮಾರು 175 ಅಡಿ ಎತ್ತರದ ಜೋಡಿ ಗೋಪುರಗಳು ದೂರದಿಂದಲೇ ಕಣ್ಣಿಗೆ ಬೀಳುತ್ತವೆ. ಒಳಗೆ ಮೊನಚು ಕಮಾನುಗಳು ನೋಟವನ್ನು ಮೇಲಕ್ಕೆ ಸೆಳೆಯುತ್ತವೆ. ಕಿಟಕಿಗಳ ಬಣ್ಣದ ಗಾಜಿನಲ್ಲಿ ಕ್ರಿಸ್ತಜನನ, ಕಡೆಯ ಭೋಜನ, ಶಿಲುಬೆ ಮರಣ, ಪುನರುತ್ಥಾನದ ಚಿತ್ರಗಳಿವೆ. ಬಿಸಿಲು ಹಾಯ್ದಾಗಲೇ ಅವನ್ನು ನೋಡಬೇಕು. ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಫಿಲೋಮಿನಾ ಒರಗಿ ಮಲಗಿರುವ ಪ್ರತಿಮೆಯಿದೆ. 1961ರಲ್ಲಿ ಆಕೆಯ ಹೆಸರನ್ನು ಪೂಜಾ ಪಂಚಾಂಗದಿಂದ ಕೈಬಿಟ್ಟರೂ ಇಲ್ಲಿನ ಭಕ್ತಿ ಕುಂದಲಿಲ್ಲ. ಬೇರೆ ಮತದವರೂ ಬಂದು ಮೇಣದ ಬತ್ತಿ ಹಚ್ಚುತ್ತಾರೆ.