ಹವಳ ಕೊಟ್ಟು ಮೆಣಸು ಕೊಂಡವರು

ಈಗೀಗ ನಮ್ಮ ಚೆನ್ನೈ ಕನ್ನಡತಿಯರಲ್ಲಿ ಗ್ರೀಸಿನ ದ್ವೀಪಗಳಿಗೆ ಹೋಗಿಬರುವವರು ಹೆಚ್ಚಾಗಿದ್ದಾರೆ. ಸ್ಯಾಂಟೊರಿನಿಯ ಬಿಳಿ ಮನೆಗಳು, ಆಲಿವ್ ಎಣ್ಣೆಯ ಬಾಟಲಿ, ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ಟು, ವಾಟ್ಸಪ್ ತುಂಬ ಇದೇ. ನೋಡುವುದಕ್ಕೆ ನನಗೂ ಖುಷಿಯೇ. ಆದರೆ ಎರಡು ಸಾವಿರ ವರ್ಷಗಳ ಹಿಂದೆ ಈ ಓಡಾಟ ತಿರುವುಮುರುವಾಗಿತ್ತು. ಖರೀದಿಗೆ ಹಡಗು ಹತ್ತಿ ನಮ್ಮ ಕಡೆಗೆ ಬರುತ್ತಿದ್ದವರು ಅವರು.

ಅದರ ಗುರುತು ನೋಡಲು ದೂರ ಹೋಗಬೇಕಿಲ್ಲ. ಈಸಿಆರ್ ರಸ್ತೆ ಹಿಡಿದು ಪುದುಚೇರಿ ದಾಟಿದರೆ ಅರಿಕಮೇಡು. 1945ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ ಮೆಡಿಟರೇನಿಯನ್ ಕಡೆಯ ಎರಡು ಹಿಡಿಯ ಉದ್ದ ಜಾಡಿಗಳ ಚೂರುಗಳು ಸಿಕ್ಕವು. 1989ರಿಂದ 1992ರವರೆಗೆ ಮತ್ತೆ ಉತ್ಖನನ ನಡೆಸಿದ ತಂಡದ ಮುಂದಾಳು ವಿಮಲಾ ಬೇಗ್ಲಿ. ಜಾಡಿಗಳ ಊರು ಯಾವುದೆಂದು ಹಿಡಿಗಳನ್ನು ನೋಡಿಯೇ ಹೇಳುತ್ತಿದ್ದ ಎಲಿಜಬೆತ್ ವಿಲ್ ಕೂಡ ಹೆಂಗಸೇ. ಅವರ ಪ್ರಕಾರ ಇವುಗಳಲ್ಲಿ ಹಲವು ಗ್ರೀಸಿನ ಕೋಸ್ ದ್ವೀಪದ ಮಾದರಿಯ ವೈನ್ ಜಾಡಿಗಳು.

ಕೋಸ್ ವೈನಿನ ಹೆಚ್ಚುಗಾರಿಕೆ ಅದಕ್ಕೆ ಬೆರೆಸುತ್ತಿದ್ದ ಸಮುದ್ರದ ನೀರು! ಕದ್ದು ಕುಡಿದ ಆಳೊಬ್ಬ ಅಳತೆ ಸರಿದೂಗಿಸಲು ಉಪ್ಪುನೀರು ಸುರಿದದ್ದೇ ಮುಂದೆ ಪದ್ಧತಿಯಾಯಿತು ಎಂದು ರೋಮಿನ ಪ್ಲಿನಿ ಬರೆದಿದ್ದಾನೆ. ಹಾಲಿಗೆ ನೀರು ಬೆರೆಸುವವರಿಗೆ ಇಂಥ ಅದೃಷ್ಟ ಇನ್ನೂ ಬಂದಿಲ್ಲ.

ವೈನ್ ಆಯಿತು, ಇನ್ನು ಖರೀದಿ. ಕ್ರಿ.ಶ. ಒಂದನೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಗ್ರೀಕ್ ವರ್ತಕನೊಬ್ಬ ಯಾವ ಬಂದರಿನಲ್ಲಿ ಏನು ಮಾರಬಹುದು, ಏನು ಕೊಳ್ಳಬಹುದು ಎಂದು ಬರೆದಿಟ್ಟಿದ್ದಾನೆ. ಅದೇ ಪೆರಿಪ್ಲಸ್. ಕೇರಳದ ಮುಝಿರಿಸ್ ಕಡೆಯಿಂದ ಅವರು ಒಯ್ಯುತ್ತಿದ್ದದ್ದು ರಾಶಿ ರಾಶಿ ಕಾಳುಮೆಣಸು, ಮುತ್ತು, ದಂತ. ತರುತ್ತಿದ್ದದ್ದು ಮುಖ್ಯವಾಗಿ ನಾಣ್ಯ. ಜೊತೆಗೆ ತಾಮ್ರ, ತವರ, ಗಾಜು, ಕಣ್ಣಿಗೆ ಹಚ್ಚುವ ಅಂಜನದ ಕಲ್ಲು, ಸ್ವಲ್ಪ ವೈನ್ ಮತ್ತು ಹವಳ. ಒಡವೆಗೆ ಬಳಸುವ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು. ನಮ್ಮ ಮುತ್ತಿಗೆ ಅವರು ಎಷ್ಟು ಬೆಲೆ ಕೊಡುತ್ತಿದ್ದರೋ, ಅವರ ಹವಳಕ್ಕೆ ನಾವೂ ಅಷ್ಟೇ ಕೊಡುತ್ತಿದ್ದೆವಂತೆ. ಇದೂ ಪ್ಲಿನಿಯ ಮಾತೇ. ಅಜ್ಜಿಯ ಕರಿಮಣಿ ಸರದಲ್ಲಿ ಹವಳವಿದ್ದರೆ ಒಮ್ಮೆ ಕೈಗೆತ್ತಿಕೊಂಡು ನೋಡಿ.

ರೋಮಿನ ಹಣವೆಲ್ಲ ಪೂರ್ವದ ದೇಶಗಳಿಗೆ ಹರಿದುಹೋಗುತ್ತಿದೆ ಎಂದು ಪ್ಲಿನಿ ಗೊಣಗಿದ್ದಾನೆ. ಕಾರಣ? ಐಷಾರಾಮ ಮತ್ತು ಹೆಂಗಸರು. ಮೆಣಸು ಹಾಕಿದ ಅಡುಗೆಯನ್ನು ಗಂಡಸರೂ ತಿಂದಿರಲೇಬೇಕು, ಆ ಲೆಕ್ಕ ಅವನು ಬರೆದಂತಿಲ್ಲ.

ನಮ್ಮ ಕರಾವಳಿಯನ್ನೂ ಗ್ರೀಕರು ಬಲ್ಲರು. ಪೆರಿಪ್ಲಸ್ ಹೇಳುವ 'ಬಿಳಿಯ ದ್ವೀಪ' ಮುರುಡೇಶ್ವರದ ಎದುರಿನ ನೇತ್ರಾಣಿ ಎಂದು ಕೆಲವು ವಿದ್ವಾಂಸರ ಊಹೆ. ಆ ಸುತ್ತಿನ ಕಡಲುಗಳ್ಳರ ಭಯ ಹಡಗಿನವರಿಗೆ ಬಹಳವಿತ್ತು. ಈಗ ಅಲ್ಲಿಗೆ ಸ್ಕೂಬಾ ಡೈವಿಂಗಿಗೆ ಹೋಗುತ್ತಾರೆ.

ಆ ಭಯವೇ ಒಂದು ಗ್ರೀಕ್ ಪ್ರಹಸನವಾಗಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾದ ಪಪೈರಸ್ ಹಾಳೆಯಲ್ಲಿರುವ ಕಥೆ ಅದು. ಭಾರತದ ಕರಾವಳಿಯ ದೇವಿಗುಡಿಯಲ್ಲಿ ಖಾರಿಟಿಯನ್ ಎಂಬ ಗ್ರೀಕ್ ಹುಡುಗಿ ಸೆರೆಯಾಗಿದ್ದಾಳೆ. ಅಣ್ಣನ ಕಡೆಯವರು ಹಡಗಿನಲ್ಲಿ ಬಂದು, ಇಲ್ಲಿಯ ರಾಜನಿಗೆ ನೀರು ಬೆರೆಸದ ವೈನ್ ಕುಡಿಸಿ, ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ರಾಜನ ಕಡೆಯವರ ಬಾಯಲ್ಲಿ ಗ್ರೀಕ್ ಅಲ್ಲದ ಮಾತುಗಳಿವೆ. ಪಾತ್ರೆಗೆ ಕೊಂಚ ಮದ್ಯ ಹಾಕುವ ಮಾತು ಅಲ್ಲಿದೆ, ಅದು ಕನ್ನಡ ಎಂದು ಹುಲ್ಟ್ಸ್ 1904ರಲ್ಲಿ ಓದಿದರು. ಮಂಜೇಶ್ವರದ ಗೋವಿಂದ ಪೈಗಳು ಅದರಲ್ಲಿ ಮಲ್ಪೆಯನ್ನು ಕಂಡರು. ತುಳು ಎಂದವರಿದ್ದಾರೆ, ಬರೀ ಅರ್ಥವಿಲ್ಲದ ಗಿಜಿಬಿಜಿ ಎಂದವರೂ ಇದ್ದಾರೆ. ಹಲ್ಮಿಡಿ ಶಾಸನಕ್ಕಿಂತ ಇನ್ನೂರು ಮುನ್ನೂರು ವರ್ಷ ಹಳೆಯ ಕನ್ನಡ ಎಂದು ಕುಣಿಯುವುದಕ್ಕೆ ಆ ಪುರಾವೆ ಸಾಲದು ಎಂದೇ ನನ್ನ ಅನಿಸಿಕೆ.

ನನಗೆ ಹಿಡಿಸಿದ್ದು ಬೇರೆ. ತಪ್ಪಿಸಿಕೊಂಡು ಹೊರಡುವ ಗಳಿಗೆಯಲ್ಲಿ ವಿದೂಷಕ ದೇವಿಯ ಕಾಣಿಕೆಯಲ್ಲೊಂದನ್ನು ಎತ್ತಿಕೋ ಎನ್ನುತ್ತಾನೆ. ಖಾರಿಟಿಯನ್ ಬಾಯಿ ಮುಚ್ಚಿಸುತ್ತಾಳೆ. ಕದ್ದ ಕೈಯಿಂದ ದೇವರನ್ನು ಕಾಪಾಡೆಂದು ಕೇಳುವುದು ಹೇಗೆ ಎಂದು ಅವಳ ವಾದ. ಅವಳು ಬರಿಗೈಯಲ್ಲೇ ಹಡಗು ಹತ್ತಲು ಸಿದ್ಧಳು.