ಗಾಬಾ-ಎ ಗ್ರಾಹಕ ಮತ್ತು ಮಕ್ಕಳ ಔಷಧನಿರೋಧಕ ಅಪಸ್ಮಾರ

ಗಾಬಾ-ಎ ಗ್ರಾಹಕವು ನರಕೋಶದ ಉದ್ರೇಕಕ್ಕೆ ಕಡಿವಾಣ ಹಾಕುವ ಪ್ರೋಟೀನು. ಐದು ಉಪಘಟಕಗಳ ಈ ದ್ವಾರ ಗಾಬಾ ಎಂಬ ನರಸಂದೇಶವಾಹಕ ಅಂಟಿದೊಡನೆ ತೆರೆದು ಕ್ಲೋರೈಡ್ ಅಯಾನುಗಳನ್ನು ಒಳಬಿಡುತ್ತದೆ; ಕೋಶ ಶಾಂತವಾಗುತ್ತದೆ. ನವಜಾತ ಶಿಶುವಿನ ನರಕೋಶಗಳಲ್ಲಿ ಕ್ಲೋರೈಡನ್ನು ಹೊರಹಾಕುವ ಕೆಸಿಸಿ2 ವಾಹಕ ಕಡಿಮೆ. ಹಾಗಾಗಿ ಕೋಶದೊಳಗೆ ಕ್ಲೋರೈಡ್ ಹೆಚ್ಚಿದ್ದು, ಅಲ್ಲಿ ಗಾಬಾ ಉದ್ರೇಕಕಾರಿಯೂ ಆಗಬಲ್ಲದು. ಜಿಎಬಿಆರ್‌ಜಿ2 ಮುಂತಾದ ಜೀನ್‌ಗಳ ದೋಷವೂ ಗ್ರಾಹಕವನ್ನು ಕುಂದಿಸುತ್ತದೆ; ಕಡಿವಾಣ ಸಡಿಲವಾದಾಗ ಸೆಳವು ಬರಬಹುದು.

ಸೂಕ್ತವಾಗಿ ಆರಿಸಿದ, ಮೈಗೊಗ್ಗುವ ಎರಡು ಔಷಧಗಳಿಂದಲೂ ಸೆಳವು ಹತೋಟಿಗೆ ಬಾರದಿದ್ದರೆ ಅದು ಔಷಧನಿರೋಧಕ ಅಪಸ್ಮಾರ. ಇದು ಅಂತಾರಾಷ್ಟ್ರೀಯ ಅಪಸ್ಮಾರ ವಿರೋಧಿ ಒಕ್ಕೂಟದ 2010ರ ವ್ಯಾಖ್ಯೆ. ಸೆಳವು ನಿಲ್ಲದೆ ಮುಂದುವರಿದಾಗ ಗಾಬಾ-ಎ ಗ್ರಾಹಕಗಳು ಕೋಶಪೊರೆಯಿಂದ ಒಳಸರಿಯುತ್ತವೆ. ಹಾಗಾಗಿ ಈ ಗ್ರಾಹಕಗಳ ಮೂಲಕವೇ ಕೆಲಸ ಮಾಡುವ ಮಿಡಜೋಲಮ್ ಔಷಧ ಮೊದಲ ನಿಮಿಷಗಳಲ್ಲಿ ಫಲಿಸಿದರೂ ತಡವಾದರೆ ಸೋಲಬಹುದು. ಆದ್ದರಿಂದ ಸೆಳವು 5 ನಿಮಿಷ ದಾಟಿದ ಮಗುವಿಗೆ ತಕ್ಷಣದ ಚಿಕಿತ್ಸೆಯೇ ರಕ್ಷೆ. ಔಷಧ ಸೋತಲ್ಲಿ ಕೀಟೋಜೆನಿಕ್ ಆಹಾರ, ಆಯ್ದವರಿಗೆ ಶಸ್ತ್ರಚಿಕಿತ್ಸೆ ನೆರವಾಗುತ್ತವೆ.